ವಿಂಡೋಸ್ ಸೆವೆನ್ನಿನ ಡ್ರೈವರುಗಳು ಮತ್ತು ಮುನಿಯಪ್ಪನವರ ಉಸಿರು

2022ರಲ್ಲಿ ನಾನು ಕೋಲಾರದ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನ ಒಂದು ಚಿಕ್ಕ ಎದೆರೋಗದ ಕ್ಲಿನಿಕ್ಕಿನಲ್ಲಿ ರೆಕಾರ್ಡ್ಸ್ ಇನ್‌ಚಾರ್ಜ್ ಆಗಿದ್ದೆ. ಆಗ ನನಗೆ ಅರವತ್ತೈದು. ಅದಕ್ಕೆ ಮೊದಲು ಬಂಗಾರಪೇಟೆಯಲ್ಲಿ ಹದಿನೈದು ವರ್ಷ ಕಂಪ್ಯೂಟರ್ ಕ್ಲಾಸ್ ನಡೆಸಿದ್ದೆ. ಅದಕ್ಕೂ ಮೊದಲು, ಗಣಿ ಮುಚ್ಚುವವರೆಗೆ, ನಂದಿದುರ್ಗ ಮೈನಿನ ಸ್ಟೋರ್ಸ್‌ನಲ್ಲಿ ಕ್ಲರ್ಕ್. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು, ಸ್ಟೋರ್ಸ್‌ನಲ್ಲಿ ಕಲಿತ ಶಿಸ್ತು, ಎರಡೇ ನನ್ನ ಆಸ್ತಿ. ಎರಡಕ್ಕೂ ಈಗ ಮಾರ್ಕೆಟ್ಟಿಲ್ಲ.

ಕ್ಲಿನಿಕ್ಕಿನ ಜೀವಾಳ ಒಂದು ಸ್ಪೈರೋಮೀಟರ್. ರೋಗಿ ಅದರ ಕೊಳವೆಗೆ ಬಾಯಿಟ್ಟು ಜೋರಾಗಿ ಊದಿದರೆ, ಎಷ್ಟು ಲೀಟರ್ ಗಾಳಿ ಹೊರಬಂತು ಎಂದು ಜೊತೆಯ ಲ್ಯಾಪ್‌ಟಾಪ್ ಗೆರೆ ಎಳೆದು ತೋರಿಸುತ್ತದೆ. ಕಲ್ಲಿನ ಧೂಳು ಕುಡಿದ ಗಣಿಯವರಿಗೆ ಆ ಗೆರೆಯೇ ಸಾಕ್ಷಿ. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ವಿಂಡೋಸ್ ಸೆವೆನ್. ಸ್ಪೈರೋಮೀಟರಿನ ಸಾಫ್ಟ್‌ವೇರ್ ಅದೊಂದರಲ್ಲೇ ಓಡುತ್ತಿತ್ತು. ಇಷ್ಟು ಹಳೆಯದಾದರೂ ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ. ಕೈಕೊಟ್ಟವರೆಲ್ಲ ವಿದ್ಯಾವಂತರು.

ಆ ವರ್ಷದ ಆಯುಧಪೂಜೆಯಲ್ಲಿ ನಮ್ಮ ಡಾಕ್ಟರು, ಎಂ.ಡಿ. ಮಾಡಿಕೊಂಡವರು, ಲ್ಯಾಪ್‌ಟಾಪಿಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಸಾಲದ್ದಕ್ಕೆ ನಿಂಬೆಹಣ್ಣು ಹೋಳು ಮಾಡಿ ಕೀಬೋರ್ಡಿನ ಮೇಲೆ ಕೂರಿಸಿದರು. ರಸ ಒಳಗಿಳಿಯಿತು. ಪೂಜೆ ಬೇಡ ಅಂತ ನಾನು ಹೇಳುವವಳಲ್ಲ. ಗಣಿಯಲ್ಲೂ ಡ್ರಿಲ್ಲಿಂಗ್ ಮೆಷಿನ್ನಿಗೆ ಪೂಜೆ ಆಗುತ್ತಿತ್ತು. ಆದರೆ ಯಾವ ಗಣಿಯವನೂ ಮೆಷಿನ್ನಿನ ಹೊಟ್ಟೆಗೆ ನಿಂಬೆರಸ ಇಳಿಸಿದ್ದನ್ನು ನಾನು ಕಂಡಿಲ್ಲ. ಅದಕ್ಕೆ ಎಂ.ಡಿ. ಬೇಕು.

ಕ್ಲೀನ್ ಮಾಡಿಸಲು ಲ್ಯಾಪ್‌ಟಾಪನ್ನು ಬಂಗಾರಪೇಟೆ ಸ್ಟೇಷನ್ ಹತ್ತಿರದ ರಮೇಶನ ಅಂಗಡಿಗೆ ಕಳುಹಿಸಿದರು. ರಮೇಶ ನಲವತ್ತು ದಾಟಿದವನು. ಅಂಗಡಿಯ ಬೋರ್ಡಿನಲ್ಲಿ ತನ್ನ ಹೆಸರಿನ ಕೆಳಗೆ 'ಚೀಫ್ ಸಿಸ್ಟಮ್ ಎಂಜಿನಿಯರ್' ಎಂದು ಬರೆಸಿಕೊಂಡಿದ್ದಾನೆ. ಆ ಅಂಗಡಿಯಲ್ಲಿ ಬೇರೆ ಎಂಜಿನಿಯರ್ ಯಾರೂ ಇಲ್ಲ. ಗುರುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ವಾಪಸ್ ಬಂತು, ಕೀಬೋರ್ಡ್ ಫಳಫಳ. ಆನ್ ಮಾಡಿದರೆ ವಿಂಡೋಸ್ ಟೆನ್. ಸ್ಪೈರೋಮೀಟರಿನ ಐಕಾನ್ ಇಲ್ಲ, ಹತ್ತು ವರ್ಷದ ರೋಗಿಗಳ ರೆಕಾರ್ಡ್ ಇಲ್ಲ. ಬ್ಯಾಕಪ್ಪಿಗೆ ಒಂದು ಹಾರ್ಡ್ ಡಿಸ್ಕ್ ಬೇಕೆಂದು ನಾನು ಪ್ರತಿ ವರ್ಷ ಬರೆದು ಕೊಡುತ್ತಿದ್ದೆ. ಕ್ಲಿನಿಕ್ಕಿನ ಕಮಿಟಿಯವರು ಪ್ರತಿ ವರ್ಷ ಅದರ ಮೇಲೆ 'ನೋಟೆಡ್' ಎಂದು ಬರೆದು ಸೈನ್ ಹಾಕುತ್ತಿದ್ದರು.

ರಮೇಶನಿಗೆ ಫೋನ್ ಮಾಡಿದೆ.

"ಹಳೇ ವಿಂಡೋಸ್ ಇತ್ತಲ್ಲ ಮೇಡಂ, ನೋಡಕ್ಕಾಗ್ಲಿಲ್ಲ. ಟೆನ್ ಆಕ್ಕೊಟ್ಟಿದ್ದೀನಿ. ನಿಮ್ಗೆ ಅಂತ ಫ್ರೀ."

"ನಾನು ಕೇಳಿದ್ನಾ?"

"ಕೇಳ್ದೆ ಮಾಡೋದೇ ಸರ್ವೀಸು ಮೇಡಂ."

ಅದೇ ಹೊತ್ತಿಗೆ ಹೊರಗಿನ ಬೆಂಚಿನಲ್ಲಿ ಮುನಿಯಪ್ಪನವರು ಕೂತಿದ್ದರು. ಕಾಮಸಮುದ್ರದ ಹತ್ತಿರದ ಹಳ್ಳಿಯವರು, ನಂದಿದುರ್ಗ ಮೈನಿನಲ್ಲಿ ಇಪ್ಪತ್ತೆರಡು ವರ್ಷ ಬಂಡೆ ಕೊರೆದವರು. ಸೋಮವಾರ ಕೋಲಾರದಲ್ಲಿ ಮೆಡಿಕಲ್ ಬೋರ್ಡಿನ ಮುಂದೆ ನಿಂತು, ತಮ್ಮ ಕಾಯಿಲೆ ಧೂಳಿನಿಂದಲೇ ಬಂದದ್ದು, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ ಎಂದು ತೋರಿಸಬೇಕಿತ್ತು. ಬೋರ್ಡು ಒಪ್ಪಿದರೆ ಪಿಂಚಣಿ.

"ಮೊದ್ಲು ಊದಿದ್ದು, ಈಗ ಊದೋದು, ಎರಡೂ ಕಾಗ್ದ ತತ್ತಾ ಅಂದವ್ರೆ ಅಮ್ಮಾ. ಓದ್ಸಲ ಓದಾಗ ಬೀಡಿ ಸೇದಿ ಆಗಿದ್ದು ಅಂತ ಕಳ್ಸಿಬುಟ್ರು. ಈ ಸಲಾನೂ ಆಗ್ಲಿಲ್ಲ ಅಂದ್ರೆ ಇನ್ನು ಕರಿಯಾಕಿಲ್ವಂತೆ."

ಪ್ಲಾಸ್ಟಿಕ್ ಕವರಿನಿಂದ ಹಳೆಯ ರಿಪೋರ್ಟುಗಳನ್ನು ತೆಗೆದು ಕೊಟ್ಟರು. ಬಿಸಿಗೆ ಅಕ್ಷರ ಮೂಡುವ ಆ ಕಾಗದ ಪೂರ್ತಿ ಅಳಿಸಿ ಬೆಳ್ಳಗಾಗಿತ್ತು. ಅವರ ಹಳೆಯ ಉಸಿರು ಇದ್ದದ್ದು ಆ ಲ್ಯಾಪ್‌ಟಾಪಿನಲ್ಲಿ ಮಾತ್ರ. ಅಷ್ಟರಲ್ಲಿ ಏನಾದರೂ ದಾರಿ ಹುಡುಕುತ್ತೇನೆ, ಶನಿವಾರ ಬಂಗಾರಪೇಟೆಯ ರಮೇಶನ ಅಂಗಡಿಗೇ ಬನ್ನಿ ಎಂದು ಹೇಳಿ ಕಳುಹಿಸಿದೆ.

ಮತ್ತೆ ಸೆವೆನ್ನನ್ನೇ ಹಾಕಬೇಕಿತ್ತು. ಅದರ ಡಿವಿಡಿ ನನ್ನ ಕ್ಲಾಸಿನ ಹಳೆಯ ಬೀರುವಿನಲ್ಲಿತ್ತು. ಕಷ್ಟ ಇದ್ದದ್ದು ಡ್ರೈವರಿನದು. ಡ್ರೈವರ್ ಎಂದರೆ ಕಂಪ್ಯೂಟರಿಗೂ ಅದರ ಬಿಡಿಭಾಗಗಳಿಗೂ ನಡುವೆ ಮಾತು ದಾಟಿಸುವ ಚಿಕ್ಕ ಪ್ರೋಗ್ರಾಮ್. ಗಣಿಯಲ್ಲಿ ಸಾಹೇಬರ ಇಂಗ್ಲಿಷನ್ನು ಮೇಸ್ತ್ರಿ ಒಬ್ಬರಿಗೆ ತಮಿಳಿನಲ್ಲಿ, ಇನ್ನೊಬ್ಬರಿಗೆ ತೆಲುಗಿನಲ್ಲಿ, ಮತ್ತೊಬ್ಬರಿಗೆ ಕನ್ನಡದಲ್ಲಿ ದಾಟಿಸುತ್ತಿದ್ದನಲ್ಲ, ಹಾಗೆ. ಮೇಸ್ತ್ರಿ ಇಲ್ಲದಿದ್ದರೆ ಸಾಹೇಬ ಎಷ್ಟು ಕೂಗಿದರೂ ಗುದ್ದಲಿ ಮೇಲೇಳದು. ಆ ಲ್ಯಾಪ್‌ಟಾಪಿನ ವೈಫೈಗೆ, ಡಿಸ್‌ಪ್ಲೇಗೆ, ಎಲ್ಲಕ್ಕಿಂತ ಮುಖ್ಯವಾಗಿ ಸ್ಪೈರೋಮೀಟರಿಗೆ, ಸೆವೆನ್ ಕಾಲದ ಡ್ರೈವರುಗಳೇ ಬೇಕಿತ್ತು.

ಶುಕ್ರವಾರ ಇಡೀ ದಿನ ಹುಡುಕಿದೆ. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿನಲ್ಲಿ ಸೆವೆನ್ನಿನ ಹೆಸರೇ ಇಲ್ಲ. ಹೆಲ್ಪ್‌ಲೈನಿನ ಹುಡುಗಿ ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, "ಯುವರ್ ಪ್ರಾಡಕ್ಟ್ ಈಸ್ ಎಂಡ್ ಆಫ್ ಲೈಫ್, ಮ್ಯಾಮ್" ಅಂದಳು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಸತ್ತವರ ಬಗ್ಗೆಯೂ ಅದಕ್ಕಿಂತ ಮೆತ್ತಗೆ ಮಾತಾಡುತ್ತಿದ್ದರು. ಮಿಕ್ಕ ಸೈಟುಗಳಲ್ಲಿ ಹಸಿರು ಬಣ್ಣದ ಆರು 'ಡೌನ್‌ಲೋಡ್' ಬಟನ್‌ಗಳು, ಒಂದೂ ನಿಜವಲ್ಲ. ರಮೇಶ ತಾನೂ ಒಂದು 'ಡ್ರೈವರ್ ಪ್ಯಾಕ್' ಕಳುಹಿಸಿದ. ಅದನ್ನು ಕ್ಲಿನಿಕ್ಕಿನ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಡ್ರೈವರ್ ಒಂದೂ ಸಿಗಲಿಲ್ಲ. ಹವಾಮಾನ ಹೇಳುವ ಒಂದು ಗಡಿಯಾರ ಪರದೆಯ ಮೂಲೆಯಲ್ಲಿ ಬಂದು ಕೂತಿತು. ಈ ದೇಶದಲ್ಲಿ ಹೊಸದನ್ನು ಹಾಕಲು ಎಲ್ಲರಿಗೂ ಬರುತ್ತದೆ. ಕೆಲಸ ಮಾಡುತ್ತಿದ್ದ ಹಳೆಯದನ್ನು ವಾಪಸ್ ಕೂರಿಸುವವರು ಬೇಕು ಅಂದರೆ ಒಬ್ಬರೂ ಇಲ್ಲ.

ಶನಿವಾರ ಲ್ಯಾಪ್‌ಟಾಪ್ ಹಿಡಿದು ಹೋಗಿ ರಮೇಶನ ಅಂಗಡಿಯಲ್ಲಿ ಕೂತೆ. ಅವನು ಬಾಯಲ್ಲಿ ಬಬಲ್‌ಗಮ್ ಆಡಿಸುತ್ತ ಅಂದ, "ಸಿ ಡ್ರೈವ್ ಬೇರೆ ಫುಲ್ಲಾಗೋಗಿದೆ ಮೇಡಂ. ಫಾರ್ಮ್ಯಾಟ್ ಒಡ್ದು ಸೆವೆನ್ ಆಕ್ಬಿಡಾಣ. ಡ್ರೈವರ್ ಆಮೇಲೆ ನೋಡ್ಕೊಳ್ಳಾಣ."

ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿ ಇರುವುದನ್ನೆಲ್ಲ ಒರೆಸಿಹಾಕುವುದು. ಹಳೆಯ ರೆಕಾರ್ಡ್ ಹೇಗೂ ಹೋಗಿದೆ, ಹೊಸ ಟೆಸ್ಟಾದರೂ ಆಗಲಿ ಎಂದುಕೊಂಡು ನಾನು ಸರಿ ಅಂದೆ. ಟು ಬಿ ಫೇರ್, ಇದನ್ನೂ ಬರೆಯಬೇಕು. ಸರಿ ಅಂದವಳು ನಾನೇ.

ಆಗ ಬಸ್ಸಿಳಿದು ಮುನಿಯಪ್ಪನವರು ಬಂದರು. ಸ್ಟೂಲಿನ ಮೇಲೆ ಕೂತು ಉಸಿರು ಸಿಗುವವರೆಗೆ ಕಾದು, ರಮೇಶನನ್ನು ಕೇಳಿದರು.

"ಹೊಸದ್ ಆಕ್ದೆ ಅಂತೀಯಲ್ಲಪ್ಪ, ಹಳೇದ್ ಎಲ್ಲಿಕ್ದೆ?"

"ಹಳೇದು ಇರಲ್ಲ ತಾತ. ಓಗ್ಬಿಡ್ತದೆ."

"ಎಲ್ಲಿಗೋಗ್ತದೆ, ಅದಕ್ಕೇನು ಕಾಲಾ ಅವೆ?" ಎಂದು ನನ್ನ ಕಡೆ ತಿರುಗಿದರು. "ಅಮ್ಮಾ, ನಿಮ್ ಸ್ಟೋರ್‌ನಾಗೆ ಹಳೇ ಡ್ರಿಲ್ ಬಿಟ್ ಕೊಡ್ದೆ ಹೊಸದ್ ಕೊಟ್ಟಿದ್ರಾ ಯಾವತ್ತಾನ? ಒಂದ್ಸಲ ಕಳ್ಕೊಂಡು ಬಂದೆ ಅಂತ, ಓಗ್ ಉಡ್ಕೊಂಬಾ ಅಂದು ನನ್ನ ತಿರ್ಗಾ ಕೆಳಕ್ಕೆ ಕಳ್ಸಿದ್ರಿ. ಮೂರ್ ಗಂಟೆ ಧೂಳ್ನಾಗೆ ಕೈಯಾಡ್ಸಿ ತಂದ್ಕೊಟ್ಟೆ. ಇವನ್ನ ಮಾತ್ರ ಸುಮ್ಕೆ ಬುಟ್‌ಬುಟ್ರಿ." ನಕ್ಕರು, ನಗು ಕೆಮ್ಮಾಯಿತು.

ಸ್ಟೋರ್ಸ್‌ನ ರೂಲ್ ಅದೇ. ಸವೆದ ಬಿಟ್, ಅಂದರೆ ಬಂಡೆ ಕೊರೆಯುವ ಉಕ್ಕಿನ ಮೊನೆ, ಕೌಂಟರಿನ ಮೇಲೆ ಬಿದ್ದ ಮೇಲೇ ಹೊಸದು ಕೈಗೆ. ಇಪ್ಪತ್ತು ವರ್ಷ ಬೆಳಗಾದರೆ "ಹಳೇದೆಲ್ಲಿ?" ಎಂದು ಕೇಳಿದವಳು ನಾನು. ಎರಡು ದಿನದಿಂದ ರಮೇಶನನ್ನು ಅದೊಂದನ್ನು ಕೇಳಿರಲಿಲ್ಲ. ಅಲ್ಲದೆ, ಮೊನ್ನೆಯಷ್ಟೇ ಹಾಕಿದ ಹೊಸ ವಿಂಡೋಸ್ ಒಂದೇ ಇಡೀ ಸಿ ಡ್ರೈವನ್ನು ತುಂಬಿಸುವುದು ಹೇಗೆ?

"ರಮೇಶ, ಟೆನ್ ಹಾಕುವಾಗ ಫಾರ್ಮ್ಯಾಟ್ ಮಾಡಿದ್ಯಾ?"

"ಇಲ್ಲ ಮೇಡಂ, ಟೈಮ್ ಇರ್ಲಿಲ್ಲ. ಅಂಗೇ ಮೇಲೆ ಆಕ್ದೆ."

"ಮೌಸಿನಿಂದ ಕೈ ತೆಗಿ."

ಸಿ ಡ್ರೈವ್ ತೆರೆದೆ. 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರ್ ಅಲ್ಲೇ ಇತ್ತು. ಫಾರ್ಮ್ಯಾಟ್ ಮಾಡದೆ ಹೊಸ ವಿಂಡೋಸ್ ಹಾಕಿದರೆ, ಅದು ಹಳೆಯದನ್ನು ಕಟ್ಟಿ ಆ ಹೆಸರಿನಲ್ಲಿ ಮೂಲೆಗಿಡುತ್ತದೆ. ಚೀಫ್ ಸಿಸ್ಟಮ್ ಎಂಜಿನಿಯರಿಗೆ ಗೊತ್ತಿಲ್ಲದ್ದು ಆ ಪ್ರೋಗ್ರಾಮಿಗೆ ಗೊತ್ತಿತ್ತು. ಅದರೊಳಗೆ ಹತ್ತು ವರ್ಷದ ರೋಗಿಗಳೂ ಇದ್ದರು, ನಾನು ಊರೆಲ್ಲ ಹುಡುಕಿದ ಡ್ರೈವರುಗಳೂ ಇದ್ದವು. ರಮೇಶನ ಸೋಮಾರಿತನ ಅವರನ್ನೆಲ್ಲ ಉಳಿಸಿತ್ತು. ಅವನು ಮಾಡಿದ್ದರಲ್ಲಿ ಉಪಯೋಗಕ್ಕೆ ಬಂದದ್ದು, ಮಾಡದೆ ಬಿಟ್ಟದ್ದೊಂದೇ.

ಅಂಗಡಿಯಿಂದಲೇ ಹೊರಗಿನಿಂದ ಸಿಕ್ಕಿಸುವ ಒಂದು ಹಾರ್ಡ್ ಡಿಸ್ಕ್ ಇಸಿದುಕೊಂಡು ಇಡೀ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಿದೆ. ಬೇರೆ ಕಂಪ್ಯೂಟರಿಗೆ ಹಾಕಿ, ಮುನಿಯಪ್ಪನವರ ಫೈಲ್ ಇರುವುದನ್ನು ಕಣ್ಣಾರೆ ನೋಡಿದ ಮೇಲೇ ಫಾರ್ಮ್ಯಾಟಿಗೆ ಒಪ್ಪಿದ್ದು. ಭಾನುವಾರ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಸೆವೆನ್ ಹಾಕಿದೆ. ಡಿವೈಸ್ ಮ್ಯಾನೇಜರ್ ಅಂದರೆ ಬಿಡಿಭಾಗಗಳ ಹಾಜರಿ ಪುಸ್ತಕ. ಅದರಲ್ಲಿ ನಾಲ್ಕು ಹೆಸರಿನ ಮೇಲೆ ಹಳದಿ ಗುರುತು, ಡ್ರೈವರ್ ಇಲ್ಲ ಎಂದು. ಒಂದೊಂದನ್ನೇ ಒತ್ತಿ, ಹುಡುಕಲು ಹಳೆಯ ಫೋಲ್ಡರಿನ ದಾರಿ ತೋರಿಸಿದೆ. ಮೂರು ತಕ್ಷಣ ಸರಿಹೋದವು. ನಾಲ್ಕನೆಯದು ಸ್ಪೈರೋಮೀಟರ್. ಈ ಡ್ರೈವರ್ ಯಾರದೆಂದು ಖಾತರಿಯಿಲ್ಲ ಎಂದು ಕೆಂಪು ಬಾಕ್ಸ್ ಬಂತು. ನನಗೆ ಖಾತರಿ ಇತ್ತು, ಒತ್ತಿದೆ. ಯಂತ್ರದ ಹಸಿರು ದೀಪ ಹತ್ತಿತು. ಆಮೇಲೆ ಸಾಫ್ಟ್‌ವೇರನ್ನು ಅದರ ಸಿಡಿಯಿಂದ ಹಾಕಿ, ಹಳೆಯ ರೆಕಾರ್ಡನ್ನು ಅದರ ಜಾಗಕ್ಕೆ ಸೇರಿಸಿದೆ.

ಮಧ್ಯಾಹ್ನ ಕ್ಲಿನಿಕ್ಕಿಗೆ ಬಂದ ಮುನಿಯಪ್ಪನವರು ಮೂರು ಸಲ ಊದಿದರು. ಹತ್ತು ವರ್ಷದ ಹಿಂದಿನ ಗೆರೆ ಎರಡೂವರೆ ಲೀಟರ್ ಮುಟ್ಟಿತ್ತು. ಅವತ್ತಿನದು ಒಂದೂಕಾಲು. ಎರಡನ್ನೂ ಒಂದೇ ಹಾಳೆಯಲ್ಲಿ, ಅಳಿಸಿಹೋಗದ ಮಾಮೂಲಿ ಕಾಗದದಲ್ಲಿ, ಪ್ರಿಂಟ್ ತೆಗೆದೆ.

"ಸರಿಯಾಗ್ ಬಂತಾ ಅಮ್ಮಾ?"

"ಬಂತು. ಅರ್ಧಕ್ಕರ್ಧ ಇಳಿದಿದೆ ಮುನಿಯಪ್ಪನವರೇ."

"ಅಂಗಾರೆ ಒಳ್ಳೇದಾಯ್ತು ಬುಡಿ," ಎಂದು ಹಾಳೆಯನ್ನು ಮಡಿಸದೆ ಕವರಿನೊಳಗೆ ಇಟ್ಟುಕೊಂಡರು.

ಸೋಮವಾರ ಬೋರ್ಡು ಒಪ್ಪಿತು. ಬೀಡಿಯ ಮಾತು ಈ ಸಲ ಬರಲಿಲ್ಲವಂತೆ. ಡಾಕ್ಟರು ಕಮಿಟಿಯ ಮೀಟಿಂಗಿನಲ್ಲಿ 'ಅವರ್ ಟೀಮ್' ಎಂದು ಹೇಳಿಕೊಂಡರು. ರಮೇಶ ತನ್ನ ಬೋರ್ಡಿಗೆ 'ಡೇಟಾ ರಿಕವರಿ ಸ್ಪೆಷಲಿಸ್ಟ್' ಎಂದು ಇನ್ನೊಂದು ಸಾಲು ಸೇರಿಸಿದ.

ಕೆಲಸ ನನಗೆ ಕಲಿಸಿದ್ದು ಇಷ್ಟು. ಹೊಸದನ್ನು ತಂದವನನ್ನು, ಹಳೆಯದನ್ನು ಎಲ್ಲಿಟ್ಟೆ ಎಂದು ಮೊದಲು ಕೇಳಬೇಕು. ಉತ್ತರ ಸಿಗುವವರೆಗೆ ಅವನ ಕೈಗೆ ಏನನ್ನೂ ಕೊಡಬಾರದು. ರೂಲ್ ಒಳ್ಳೆಯದೇ. ಅದನ್ನು ಯಾರ ಮೇಲೆ ಚಲಾಯಿಸಿದೆ ಎಂಬುದನ್ನು ಮಾತ್ರ ನಾನು ಈಗ ಬೇರೆ ಥರ ಲೆಕ್ಕ ಹಾಕುತ್ತೇನೆ. ಡಾಕ್ಟರಿಗೂ ರಮೇಶನಿಗೂ ಸರಿ ಅಂದವಳು, ಅವತ್ತು ಒಂದು ಸವೆದ ಡ್ರಿಲ್ ಬಿಟ್‌ಗಾಗಿ ಆ ಮನುಷ್ಯನನ್ನು ಧೂಳಿಗೆ ವಾಪಸ್ ಇಳಿಸಿದ್ದೆ. ಅವರು ಅದನ್ನು ತಂದು ಕೊಟ್ಟಾಗ ನನ್ನ ಕಾನ್ವೆಂಟ್ ಅಕ್ಷರದಲ್ಲಿ 'ರಿಟರ್ನ್ಡ್' ಎಂದು ಚೆಂದವಾಗಿ ಬರೆದುಕೊಂಡಿರಬೇಕು. ನನಗೆ ನೆನಪಿಲ್ಲ.