ಸ್ಪಾರ್ಟನ್‌ಬರ್ಗ್‌ನಲ್ಲಿ ಬಾಕಿ ಉಳಿದ ‘ಚ್ಯೂಸ್’

ಬೆಳಗಿನ ಬಸ್ಸಿಗೆ ವಾಷಿಂಗ್‌ಟನ್ ಬಿಟ್ಟೆ. ಮರುದಿನ ಅಟ್ಲಾಂಟಾದಲ್ಲಿ ಅಕ್ಕನಿಗೆ ಹೃದಯದ ಆಪರೇಷನ್. ಪಕ್ಕದ ಊರು ಸ್ಟರ್ಲಿಂಗ್‌ನ ನನ್ನ ಆಫೀಸಿನಲ್ಲಿ ರಜೆ ಸಿಗುವಷ್ಟರಲ್ಲಿ ವಿಮಾನದ ಟಿಕೆಟ್ಟು ಕೈಗೆ ನಿಲುಕದಂತಾಗಿತ್ತು. ಹಾಗಾಗಿ ಆರುನೂರು ಚಿಲ್ಲರೆ ಮೈಲಿ ಬಸ್ಸು, ಡಬ್ಬಿಯಲ್ಲಿ ಪುಳಿಯೋಗರೆ, ತಲೆಯಲ್ಲಿ ಆಗಬಹುದಾದ ಅನಾಹುತಗಳೆಲ್ಲ. ಮೊದಲ ಗಂಟೆಗೇ ಸೊಂಟ ಹಿಡಿದುಕೊಂಡಿತು.

ರಿಚ್ಮಂಡ್‌ನಲ್ಲಿ ಜರ್ಮನ್ ಅಜ್ಜಿಯೊಬ್ಬರು ಬಸ್ಸಿನ ಬಾಗಿಲಲ್ಲಿ ನಿಂತು ಗೆಳತಿಗೆ “ಚ್ಯೂಸ್!” ಎಂದು ಕೂಗಿ, ಬಂದು ಪಕ್ಕ ಕೂತರು. ಹಾಗೆಂದರೇನು ಎಂದು ಕೇಳಿದೆ. ಮಾತಾಡಿದಷ್ಟು ಹೊತ್ತು ಚಿಂತೆಗೆ ಬಿಡುವು.

“ಬೈ ಅಂತ, ಅಷ್ಟೆ. ಮನೆಯವರಿಗೆ, ಸ್ನೇಹಿತರಿಗೆ. ನನ್ನ ಕಾಲದಲ್ಲಿ ಮೇಷ್ಟರಿಗೆ ಹಾಗಂದಿದ್ರೆ ಕಿವಿ ಹಿಂಡ್ತಿದ್ರು.”

ಮೂಲ ಮಾತ್ರ ದೊಡ್ಡದು: ‘ದೇವರಿಗೆ’ ಎಂಬರ್ಥದ ಫ್ರೆಂಚರ ಅಡ್ಯೂ, ಸ್ಪೇನಿನವರ ಅಡಿಯೋಸ್‌ಗಳ ಮನೆತನವಂತೆ. ಉತ್ತರದ ಬಂದರುಗಳಲ್ಲಿ ಹಡಗಿನವರ ಬಾಯಿಗೆ ಬಿದ್ದು ಅಡ್ಯೂಸ್, ಅಚ್ಯೂಸ್ ಎಂದು ಸವೆದು ಇಷ್ಟೇ ಉಳಿಯಿತಂತೆ. “ಒಳಗೆ ದೇವರಿದ್ದಾನೆ ಅಂತ ಈಗ ಯಾರಿಗೂ ನೆನಪಿಲ್ಲ.”

ಆಪರೇಷನ್ನಿನ ಮುನ್ನಾದಿನವೇ ದೇವರಿಗೆ ಒಪ್ಪಿಸುವ ಮಾತು ಕಿವಿಗೆ ಬೀಳಬೇಕೆ? “ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಅನ್ನಲ್ಲ, ಅಪಶಕುನ. ‘ಬರ್ತೀನಿ’ ಅಂತೀವಿ,” ಎಂದೆ.

“ಹಾಗಂದ್ರೆ ಮನೆಯವರು ತಟ್ಟೆ ಇಡ್ಬೇಕೋ, ತೆಗೀಬೇಕೋ?” ಎಂದು ನಕ್ಕು ಅಜ್ಜಿ ನನ್ನ ಪುಳಿಯೋಗರೆಗೆ ಕೈಹಾಕಿದರು. ಖಾರಕ್ಕೆ ಕಣ್ಣಲ್ಲಿ ನೀರು. ಹೊರಗೆ ಉತ್ತರ ಕ್ಯಾರೊಲೈನಾದುದ್ದಕ್ಕೂ ಪೈನ್ ಮರ, ಸೆಕೆ. ಅಜ್ಜಿ, ತಮ್ಮ ಮಗ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಸ್ಪಾರ್ಟನ್‌ಬರ್ಗ್‌ನಲ್ಲಿ ಇಳಿಯುತ್ತಾ ನನಗೂ “ಚ್ಯೂಸ್” ಎಂದರು. ಬೇಕಂತಲೇ ಉತ್ತರಿಸದೆ ಕೈ ಮಾತ್ರ ಬೀಸಿದೆ.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಕ್ಕನನ್ನು ಗಾಲಿಮಂಚದಲ್ಲಿ ಮಲಗಿಸಿದ್ದರು. “ಏನೋ ಇದು ಮುಖ? ಆಪರೇಷನ್ ನಿಂಗೋ ನಂಗೋ?” ಎಂದಳು. ಆಮೇಲೆ ಇಂಜೆಕ್ಷನ್ನಿನ ಮಂಪರಿನಲ್ಲಿ, “ಸರಿ, ಹೋಗ್ತೀನಿ ಕಣೋ,” ಎಂದುಬಿಟ್ಟಳು.

“ಅಕ್ಕಾ, ಬರ್ತೀನಿ ಅನ್ನು!” ಎನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು. ಆ ಬಾಗಿಲಿಗೆ ಹೇಳಲು ನನ್ನಲ್ಲಿ ಒಂದೇ ಮಾತು ಉಳಿದಿತ್ತು. ಮೆಲ್ಲಗೆ “ಚ್ಯೂಸ್” ಎಂದೆ.

ಪಕ್ಕದಲ್ಲಿ ನಿಂತಿದ್ದ ಭಾವ ಗಾಬರಿಯಾದರು. “ಸೀನಿದ್ಯೇನಪ್ಪಾ?”

ಮರುದಿನ ಅಕ್ಕನಿಗೆ ಮಾತು ಬಂದಾಗ ಮೊದಲು ಕೇಳಿದ್ದು, “ಊಟ ಮಾಡಿದ್ಯೇನೋ?”

ವಾರ ಕಳೆದು, ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್‌ನ ಮನೆಗೆ ಮರಳಿದ್ದ ಅಕ್ಕನಿಗೆ ಎರಡೆರಡು ಸಲ “ಬರ್ತೀನಿ” ಹೇಳಿ ಹೊರಟೆ. ಸ್ಪಾರ್ಟನ್‌ಬರ್ಗ್‌ನಲ್ಲಿ ಬಸ್ಸು ನಿಂತಾಗ ಕಣ್ಣು ಅಜ್ಜಿಯನ್ನು ಹುಡುಕಿತು, ಅವರು ಅಲ್ಲೇಕಿರುತ್ತಾರೆ? ಬಾಕಿ ಇಟ್ಟಿದ್ದ ಉತ್ತರವನ್ನು ಖಾಲಿ ಬೆಂಚಿಗೇ ಹೇಳಿ, ಸೀಟಿಗೆ ಒರಗಿ ಕಣ್ಣು ಮುಚ್ಚಿದೆ.