ಅಕ್ಕ ಕಟ್ಟಿಸಿಕೊಂಡಿದ್ದ ಹಲ್ಲು

ಹೊಸದಾಗಿ ಕಟ್ಟಿಸಿದ ಹಲ್ಲು ಒತ್ತುತ್ತದೆಂದು ಹೋದರೆ, ಡಾಕ್ಟರು ಒಸಡಿಗೆ ಲವಂಗದ ಎಣ್ಣೆ ಹಚ್ಚಿದರು. ಆ ವಾಸನೆಗೆ ಕಣ್ಣಲ್ಲಿ ನೀರು ಬಂತು. ನೋವಾಯಿತೇ ಎಂದು ಕೇಳಿದರು. ಅವರಿಗೇನು ಗೊತ್ತು, ನನ್ನ ಓರಗಿತ್ತಿಯ ಸೆರಗಿನ ತುದಿಯಲ್ಲಿ ಸದಾ ಲವಂಗ ಇರುತ್ತಿತ್ತೆಂದು...

ಬೆಂಗಳೂರಿನಾಚೆ ಮಧುರೆ ಎಂಬ ಹಳ್ಳಿಯ ಆ ಮನೆಗೆ ನಾನು ಕಿರಿ ಸೊಸೆಯಾಗಿ ಹೋದದ್ದು ಯುದ್ಧದ ಕಾಲದಲ್ಲಿ. ಹಿರಿ ಸೊಸೆಯನ್ನು ಅಕ್ಕ ಎನ್ನುತ್ತಿದ್ದೆ. ನಗು ಬಂದರೆ ಬಾಯಿಗೆ ಸೆರಗು ಮುಚ್ಚುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ, ಪೆದ್ದಿ ನಾನು. ಒಂದು ದಿನ ಬಚ್ಚಲಿಗೆ ಬಿಸಿನೀರು ಕೊಡಲು ಹೋದಾಗ ಅವಳ ಅಂಗೈಯಲ್ಲಿ ಕಂಡೆ: ಕೆಂಪು ರಬ್ಬರಿನ ತುಂಡು, ಅದರಲ್ಲಿ ಮುಂದಿನ ಎರಡು ಹಲ್ಲು, ಎರಡೂ ಪಕ್ಕ ತಂತಿಯ ಕೊಕ್ಕೆ.

ಚಿಕ್ಕವಳಿದ್ದಾಗ ಬಾವಿ ಮೆಟ್ಟಿಲಲ್ಲಿ ಬಿದ್ದು ಹಲ್ಲು ಹೋಗಿದ್ದವಂತೆ. ಹೆಣ್ಣು ನೋಡಲು ಬರುವ ಮುಂಚೆ ಅವಳಪ್ಪ ಬೆಂಗಳೂರಿನಲ್ಲಿ ಕಟ್ಟಿಸಿದರು, ಗಂಡಿನವರಿಗೆ ಹೇಳಲಿಲ್ಲ. ಮಲಗುವಾಗ ತೆಗೆದು ನೀರಲ್ಲಿಡಿ, ಇಲ್ಲದಿದ್ದರೆ ತಂತಿ ಹಿಡಿದ ಒಳ್ಳೆಯ ಹಲ್ಲುಗಳೂ ಹೋಗುತ್ತವೆ ಎಂದು ಡಾಕ್ಟರು ಎಚ್ಚರಿಸಿದ್ದರು. ಹದಿನಾಲ್ಕು ಜನರ ಮನೆಯಲ್ಲಿ ಎಲ್ಲಿ ತೆಗೆದಿಡುವುದು?

"ಗೊತ್ತಾದ್ರೆ ತವರಿಗೆ ಅಟ್ಟಿಬಿಡ್ತಾರೆ ಕಣೇ. ನನ್ನಾಣೆ, ಯಾರಿಗೂ ಹೇಳ್ಬೇಡ," ಎಂದಳು.

ಹೇಳಲಿಲ್ಲ. ತಂತಿ ಉಜ್ಜಿ ಉಜ್ಜಿ ಪಕ್ಕದ ಹಲ್ಲುಗಳು ಕಪ್ಪಾದವು, ಅಲ್ಲಾಡತೊಡಗಿದವು. ರಬ್ಬರಿನಡಿ ಅನ್ನದಗುಳು ಸಿಕ್ಕಿ ಒಸಡು ಬಾತುಕೊಳ್ಳುತ್ತಿತ್ತು. ಲವಂಗ ಒತ್ತಿಕೊಂಡು ರಾಗಿ ಬೀಸುತ್ತಿದ್ದಳು. ಸದ್ಯ, ಮುದ್ದೆ ನುಂಗುವ ಮನೆ. ಅವಳು ಅಗಿಯದಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ ಎಂದುಕೊಂಡಿದ್ದೆವು. ಅತ್ತೆ ನಮಗೆಲ್ಲ ಕೋಡುಬಳೆ ಕೊಟ್ಟು ಅವಳಿಗೆ ಮಾತ್ರ ಮೆತ್ತನೆಯ ಕಡುಬು ಕೊಡುವಾಗ ನನಗೆ ಹೊಟ್ಟೆಯುರಿಯುತ್ತಿತ್ತು. ಹಿರಿ ಸೊಸೆಯ ಮೇಲಿನ ಮುದ್ದು ಅಂತ.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ, ಕೊಕ್ಕೆ ಹಿಡಿದಿದ್ದ ಹಲ್ಲು ಬೇರುಸಮೇತ ಕಿತ್ತು ಬಂತು. ಆ ಹಲ್ಲು, ತಂತಿ, ರಬ್ಬರು ಎಲ್ಲ ಗಂಗಳದ ಸಾರಿಗೆ ಬಿತ್ತು. ಅಕ್ಕ ತಲೆ ಎತ್ತಲಿಲ್ಲ. ಅತ್ತೆ ಎದ್ದು ಹೋಗಿ ನೀರಿನ ಚೊಂಬು ತಂದು ಅವಳ ಮುಂದಿಟ್ಟರು.

"ಬಾಯಿ ಮುಕ್ಕಳಿಸವ್ವ. ನಿನ್ನ ನೋಡಾಕೆ ಬಂದಿದ್ದ ದಿನಾನೇ, ನೀನು ನಕ್ಕಾಗ ತಂತಿ ಕಂಡಿತ್ತು. ನೀನೇ ಹೇಳ್ತೀಯ ಅಂತ ಸುಮ್ನಿದ್ದೆ."

ಅಕ್ಕ ಅತ್ತಳು. "ಇಷ್ಟು ವರ್ಷ..." ಎಂದದ್ದಷ್ಟೇ ಕೇಳಿಸಿತು. ಕೊಕ್ಕೆ ಹಿಡಿದಿದ್ದ ಇನ್ನೊಂದು ಹಲ್ಲೂ ಆ ತಿಂಗಳೇ ಹೋಯಿತು.

ಅಕ್ಕ ಈಗಿಲ್ಲ. ನಾನು ಆ ಆಣೆ ಮುರಿಯಬೇಕಿತ್ತು ಎಂದು ಇವತ್ತಿಗೂ ಸಂಕಟವಾಗುತ್ತದೆ. ಇವತ್ತು ಡಾಕ್ಟರ ಹತ್ತಿರದಿಂದ ಮನೆಗೆ ಬಂದವಳೇ ನನ್ನ ಹಲ್ಲಿನ ಸೆಟ್ ತೆಗೆದು, ಊಟದ ಮೇಜಿನ ಮೇಲೆ ಲೋಟದ ನೀರಿಗೆ ಹಾಕಿದೆ.

"ಅಯ್ಯೋ, ಅದನ್ನ ಇಲ್ಲಿಡ್ತಾರಾ ಅತ್ತೆ?" ಎಂದಳು ಸೊಸೆ.

ಇಲ್ಲೇ ಇರಲಿ, ಎಲ್ಲರೂ ನೋಡಲಿ ಎಂದೆ.