ಮೂರು ಸ್ಕ್ಯಾನರ್‌ಗಳ ಕಡತ

ನಿವೃತ್ತಿಯಾದ ಮೇಲೆ ನನ್ನ ಗಂಡನಿಗೆ ಪೊಲೀಸ್ ವೈರ್‌ಲೆಸ್ ಕೇಳುವ ಹುಚ್ಚು ಹಿಡಿಯಿತು. ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕೇಳಿ ಸಾಕಾಗಿ ಮನೆಗೆ ಬಂದವಳು ನಾನು. ಕುಕ್ಕರ್ ಕೂಗಿದರೂ ಮೈ ಉರಿಯುತ್ತದೆ. ರಾಜಧಾನಿಯ ರೋಹಿಣಿ ಬಡಾವಣೆಯ ಈ ಎರಡು ಕೋಣೆಯ ಫ್ಲ್ಯಾಟಿಗೆ ಆ ಕರಕರ ಸದ್ದೂ ಬೇಕೆ? ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದು ಅವರ ಎದುರಿಗೇ ಅಂದೆ. ನಕ್ಕುಬಿಟ್ಟರು.

ಅವರು ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿದ್ದವರು. ಮಿಕ್ಸಿ ಕೊಳ್ಳುವುದಕ್ಕೂ ಮೂರು ಕೊಟೇಶನ್ ತರಿಸಿ, ಕಡತ ಮಾಡಿ, ದಾರ ಕಟ್ಟಿ ನನ್ನ ಮುಂದಿಡುವ ಪೈಕಿ. ಈ ಸಲವೂ ಒಂದು ವಾರ ಇಂಟರ್ನೆಟ್ಟಿನಲ್ಲಿ ಹುಡುಕಿ, ವೈರ್‌ಲೆಸ್ ಮಾತು ಹಿಡಿಯುವ ಮೂರು ಡಿಜಿಟಲ್ ಸ್ಕ್ಯಾನರ್ ಆರಿಸಿದ್ದರು. ಒಂದು ಕೈಯಲ್ಲಿ ಹಿಡಿಯುವಂಥದ್ದು, ಒಂದು ಮೇಜಿನ ಮೇಲಿಡುವಂಥದ್ದು, ಇನ್ನೊಂದು ಲ್ಯಾಪ್‌ಟಾಪಿಗೆ ಸಿಕ್ಕಿಸುವಂಥದ್ದು. ಕಡತದ ಕೊನೆಯಲ್ಲಿ ‘ಅನುಮೋದನೆಗಾಗಿ’ ಎಂದು ಬರೆದು ನನ್ನ ಸಹಿಗೆ ಜಾಗ ಬಿಟ್ಟಿದ್ದರು.

ಸಂಜೆ ಚಹಾ ಕುಡಿಯುತ್ತಾ ಓದಿದೆ. ಯಾವುದನ್ನು ತಂದರೂ ಒಂದೇ ಎಂದೆ. ಈಗಿನ ಪೊಲೀಸ್ ಸೆಟ್ಟುಗಳ ಮಾತಿಗೆ ಬೀಗ ಹಾಕಿರುತ್ತಾರೆ, ಹೊರಗಿನವರಿಗೆ ಬರೀ ಗೊರಗೊರ. ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೂ ತಪ್ಪು. ಪೆನ್ಷನ್ ತೆಗೆದುಕೊಳ್ಳುವ ವಯಸ್ಸಿನಲ್ಲಿ ಠಾಣೆಯ ಮೆಟ್ಟಿಲು ಹತ್ತುವ ಆಸೆಯೇ ಎಂದು ರೇಗಿದೆ.

“ಪೊಲೀಸರ ಮಾತು ಕಟ್ಟಿಕೊಂಡು ನನಗೇನಾಗಬೇಕು?” ಎಂದರು ಅವರು. “ನೀನು ಅಷ್ಟು ವರ್ಷ ಏನು ಕೇಳಿಸಿಕೊಂಡು ಮನೆಗೆ ಬರ್ತಿದ್ದೆ ಅಂತ ತಿಳೀಬೇಕಿತ್ತು. ಕೇಳಿದ್ರೆ ನೀನು ಹೇಳಲೇ ಇಲ್ಲ.”

ನಿಜ. ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿದ್ದಾಗ, ನಾನು ಚಪ್ಪಲಿ ಬಿಡುವ ಮೊದಲೇ ಇವತ್ತು ಹೇಗಿತ್ತು ಎಂದು ಕೇಳುತ್ತಿದ್ದರು. ಏನಿಲ್ಲ ಎಂದು ಅಡುಗೆಮನೆಗೆ ನಡೆಯುತ್ತಿದ್ದೆ. ಆಫೀಸಿನ ಮಾತು ಹೊರಗೆ ಆಡಬಾರದೆಂಬ ನಿಯಮವಿತ್ತು. ನಿಯಮಕ್ಕಿಂತ ಹೆಚ್ಚಾಗಿ ನನಗೆ ಸುಸ್ತಾಗಿರುತ್ತಿತ್ತು. ಹೇಳಹೊರಟರೆ ಎಲ್ಲವನ್ನೂ ಇನ್ನೊಮ್ಮೆ ಕೇಳಬೇಕಲ್ಲ. ಈಗ ಅವರ ಮುಖ ನೋಡಿ ನಾಚಿಕೆಯಾಯಿತು.

ಒಂದೇ ಒಂದು ದಿನದ್ದು ಹೇಳಿದೆ. ಮಗಳು ಆಗ ಮೂರನೇ ಕ್ಲಾಸು. ಮಧ್ಯಾಹ್ನ ಒಂದು ಸ್ಕೂಲ್ ಬಸ್ ಮಗುಚಿದೆ ಎಂದು ಸಂದೇಶ ಬಂತು. ಹೇಳಿದ್ದು ಮಗಳ ಶಾಲೆಯ ಹೆಸರು. ಬಸ್ಸಿನ ನಂಬರ್ ಮಾತ್ರ ಸಿಗಲಿಲ್ಲ. ಸೀಟು ಬಿಟ್ಟು ಏಳುವಂತಿರಲಿಲ್ಲ. ದನಿ ಒಂದಿಷ್ಟೂ ನಡುಗದಂತೆ ಆಂಬುಲೆನ್ಸ್ ಕಳಿಸುತ್ತಾ ಕೂತಿದ್ದೆ. ಇಪ್ಪತ್ತು ನಿಮಿಷದ ಮೇಲೆ ನಂಬರ್ ಬಂತು. ಅವಳ ಬಸ್ಸಲ್ಲ. ಪಾಳಿ ಮುಗಿಸಿ ಮನೆಗೆ ಬಂದರೆ, ಅವಳು ಊಟದ ಡಬ್ಬಿಯನ್ನು ಮುಟ್ಟದೆ ವಾಪಸು ತಂದಿದ್ದಳು.

“ನೀನು ಅವಳಿಗೆ ಹೊಡೆದ ದಿನ,” ಎಂದರು ಅವರು.

ಹೌದು. ಕೆನ್ನೆ ಊದುವಂತೆ ಹೊಡೆದಿದ್ದೆ. ನೀನು ತಾಯಿಯೇ ಅಲ್ಲ ಎಂದು ಅವರು ಮಗಳ ಎದುರಿಗೇ ಅಂದಿದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಮಗಳಿಗೆ ಈಗ ಮೂವತ್ತು ದಾಟಿದೆ. ಫರೀದಾಬಾದಿನಿಂದ ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ, ಅಪ್ಪನಿಗೆ.

ಅವರು ಕಡತ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ತಮ್ಮ ಫೋನಿನಲ್ಲಿ ಮಗಳ ನಂಬರ್ ಒತ್ತಿ ನನ್ನ ಕೈಗೆ ಕೊಟ್ಟರು.

“ಅವಳಿಗೂ ಹೇಳು.”

“ಹಾಂ ಪಾಪಾ, ಬೋಲೋ,” ಎಂದಳು ಮಗಳು ಆ ಕಡೆಯಿಂದ.